ಚಕ್ಕುಲಿ ಅಕ್ಕನಿಗೂ, ಉಳಿದ ಎಲ್ಲರಿಗೂ

ಹೋದ ವಾರ ಡಾಕ್ಟರು ಚೀಟಿಯಲ್ಲಿ ಔಷಧಿ ಬರೆಯುವ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದರು. "ಮೂರು ತಿಂಗಳು ಬಿಟ್ಟು ಬಂದು ತೋರಿಸಿ, ಸಾಕು" ಅಂದರು. ನಾನು ಚೀಟಿ ತಿರುಗಿಸಿ ಹಿಂದೆ ಏನಾದರೂ ಬರೆದಿದ್ದಾರಾ ಅಂತ ನೋಡಿದೆ. ಏನೂ ಇರಲಿಲ್ಲ. ಮಾತ್ರೆ ಇಲ್ಲ, ಡ್ರಿಪ್ ಇಲ್ಲ, ಬಾಯಿಗೆ ಹಚ್ಚುವ ಮುಲಾಮೂ ಇಲ್ಲ. ಮತ್ತೆ ಬರಬಹುದು ಅಂತಲೂ ಹೇಳಿದ್ದಾರೆ. ಬಂದರೆ ಆಗ ನೋಡೋಣ. ಸದ್ಯಕ್ಕೆ ನಾನು ಚೆನ್ನಾಗಿದ್ದೇನೆ. ಇದನ್ನು ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳುವುದು ಆಗದ ಮಾತು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಾಯಿಲೆ ಹೇಗೆ ಶುರುವಾಯಿತು, ಯಾವ ಯಾವ ಡಾಕ್ಟರು, ಎಷ್ಟು ಖರ್ಚು, ಇದೆಲ್ಲ ನಿಮಗೆ ಗೊತ್ತು. ಗೊತ್ತಿಲ್ಲದವರು ಅಂದರೆ ಇತ್ತೀಚೆಗೆ ಅಂಗಡಿಗೆ ಬರುವವರು. ನನ್ನ ಕತ್ತಿನ ಮೇಲಿನ ಕಪ್ಪು ಕಲೆ ನೋಡಿ, ಕೇಳಲೋ ಬೇಡವೋ ಅಂತ ನೋಡುತ್ತಾರೆ. ಅವರಿಗೆ ಇಷ್ಟು ಹೇಳುತ್ತೇನೆ. ನನಗೆ ಬಂದಿದ್ದು ಪೆಂಫಿಗಸ್ ವಲ್ಗ್ಯಾರಿಸ್. ಸರ್ಪಸುತ್ತು ಅಲ್ಲ, ಅಮ್ಮ ಅಲ್ಲ, ಯಾರ ಶಾಪವೂ ಅಲ್ಲ. ಅಂಟುವುದಿಲ್ಲ. ನಮ್ಮ ಚರ್ಮದ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡಲು ಡೆಸ್ಮೋಗ್ಲೀನ್ ಅನ್ನುವ ಪ್ರೋಟೀನ್ ಇರುತ್ತೆ. ರೋಗ ತಡೆಯಬೇಕಾದ ನಮ್ಮದೇ ರಕ್ತ ಅದನ್ನೇ ಶತ್ರು ಅಂದುಕೊಂಡು ಹಾಳು ಮಾಡುತ್ತೆ. ಜಿಗುಟು ಸಾಲದ ಚಕ್ಕುಲಿ ಹಿಟ್ಟು ಒರಳಿನಿಂದ ಇಳಿಯುವಾಗಲೇ ತುಂಡಾಗುತ್ತಲ್ಲ, ಹಾಗೆ ಚರ್ಮದ ಪದರ ಬಿಟ್ಟುಕೊಳ್ಳುತ್ತೆ. ನಡುವೆ ನೀರು ತುಂಬಿ ಬೊಬ್ಬೆ ಏಳುತ್ತೆ, ಒಡೆಯುತ್ತೆ, ಹಸಿ ಗಾಯ ಉಳಿಯುತ್ತೆ. ಹೆಚ್ಚಿನವರಿಗೆ ಮೊದಲು ಬಾಯಲ್ಲೇ ಶುರು. ನನಗೂ ಹಾಗೇ ಆಯಿತು.

ಬಾಯಲ್ಲಿ ಬಂದರೆ ನಮ್ಮ ಕಡೆ ಅದಕ್ಕೆ ಇರುವುದು ಒಂದೇ ಕಾರಣ, ಉಷ್ಣ. ಕೊಡುಬಳೆ, ಖಾರಸೇವೆ ಮಾಡಿ ಮಾರುವವಳಿಗೆ ಉಷ್ಣ ಆಗದೆ ಇನ್ನೇನು ಅಂತ ನಕ್ಕವರೂ ಇದ್ದಾರೆ. ಗಸಗಸೆ ಪಾಯಸ ಆಯಿತು, ಬಸಳೆ ಸೊಪ್ಪು ಆಯಿತು, ಎಳನೀರು ಆಯಿತು. ಒಂದು ಕ್ಲಿನಿಕ್ಕಿನಲ್ಲಿ ತಿಂಗಳುಗಟ್ಟಲೆ ಬಿ ಕಾಂಪ್ಲೆಕ್ಸ್ ಕೊಟ್ಟರು. ಆ ಡಾಕ್ಟರು ಒಂದು ಸಲವೂ ಟಾರ್ಚ್ ಹಾಕಿ ಒಳಗೆ ನೋಡಲಿಲ್ಲ. ಆ ಕೋಪ ನನಗೆ ಇನ್ನೂ ಪೂರ್ತಿ ಹೋಗಿಲ್ಲ. ಹೋಗಬೇಕು ಅಂತಲೂ ಇಲ್ಲ.

ಕೊನೆಗೆ ಕಂಡುಹಿಡಿದಿದ್ದು ಹಲ್ಲಿನ ಡಾಕ್ಟರು. ನಾನು ಹೋಗಿದ್ದು ವಸಡಿನಲ್ಲಿ ರಕ್ತ ಬರುತ್ತೆ ಅಂತ. ಆ ಹುಡುಗಿ, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ಹತ್ತಿಯಿಂದ ವಸಡನ್ನು ಸುಮ್ನೆ ಮುಟ್ಟಿದಳು. ತೆಳ್ಳನೆ ಪೊರೆ ಎದ್ದು ಹತ್ತಿಗೇ ಅಂಟಿಕೊಂಡು ಬಂತು. ಅವಳು ಹಲ್ಲಿನ ಕೆಲಸ ಮುಟ್ಟಲೇ ಇಲ್ಲ. "ಇದು ಮಾಮೂಲಿ ಹುಣ್ಣಲ್ಲ ಆಂಟಿ, ಇವತ್ತೇ ಚರ್ಮದ ಡಾಕ್ಟರ ಹತ್ತಿರ ಹೋಗಿ" ಅಂತ ಚೀಟಿ ಬರೆದು ಕೊಟ್ಟಳು. ಫೀಸೂ ತಗೊಳ್ಳಲಿಲ್ಲ. ಬಾಯಿ ಹುಣ್ಣಿಗೆ ಚರ್ಮದ ಡಾಕ್ಟರಾ ಅಂತ ಮನೆಯವರಿಗೆ ಅನುಮಾನ. ಅಲ್ಲಿ ಹೋದರೆ ಆ ಡಾಕ್ಟರು ಬೆನ್ನಿನ ಮೇಲೆ, ಏನೂ ಆಗಿರದ ಜಾಗದಲ್ಲಿ, ಹೆಬ್ಬೆರಳು ಒತ್ತಿ ಒಂದಿಷ್ಟು ಜಾರಿಸಿದರು. ಚರ್ಮ ಬೆರಳಿನ ಜೊತೆಗೇ ಸರಿಯಿತು. ನಿಕೋಲ್ಸ್ಕಿ ಅನ್ನುವ ರಷ್ಯಾದ ಡಾಕ್ಟರ ಹೆಸರಿನ ಪರೀಕ್ಷೆಯಂತೆ ಅದು. ಬಯಾಪ್ಸಿಗೆ ಎರಡು ಚೂರು ತೆಗೆದರು. ಒಂದನ್ನು ಬಣ್ಣ ಹಾಕಿ ನೋಡುವುದಕ್ಕೆ, ಇನ್ನೊಂದನ್ನು ಹೊಳೆಯುವ ಪರೀಕ್ಷೆಗೆ. ಆಮೇಲೆ ಡಾಕ್ಟರು ಫೋನಿನಲ್ಲಿ ಅದರ ಫೋಟೋ ತೋರಿಸಿದರು. ಕಪ್ಪು ಹಿನ್ನೆಲೆಯಲ್ಲಿ ಪ್ರತಿ ಜೀವಕೋಶದ ಸುತ್ತ ಹಸಿರು ಗೆರೆ. ನೋಡೋಕೆ ಚೆನ್ನಾಗಿತ್ತು, ಅದೇ ಬೇಜಾರು.

ಆ ಹಲ್ಲಿನ ಡಾಕ್ಟರಿಗೆ ಥ್ಯಾಂಕ್ಸ್. ನೀವು ಈಗ ಬೇರೆ ಊರಲ್ಲಿ ಇದ್ದೀರಿ ಅಂತ ಕೇಳಿದೆ. ಯಾರಾದರೂ ಇದನ್ನು ಅವರಿಗೆ ಕಳಿಸಿ.

ಇನ್ನು ಚಕ್ಕುಲಿ ಅಕ್ಕ.

ಅವರ ಹೆಸರು ಹಾಕಲ್ಲ. "ಪೇಪರಲ್ಲಿ ಗೀಪರಲ್ಲಿ ನನ್ನ ಹೆಸರು ಬರಬಾರದು" ಅಂತ ಮೊದಲೇ ಹೇಳಿದ್ದಾರೆ. ಇದು ಪೇಪರ್ ಅಲ್ಲ ಅಕ್ಕ, ಫೋನು ಅಂದೆ. "ಅದರಲ್ಲಂತೂ ಬೇಡವೇ ಬೇಡ" ಅಂದರು. ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಎಷ್ಟೋ ವರ್ಷದಿಂದ ಚಕ್ಕುಲಿ ಒತ್ತುತ್ತಿರುವುದು ಅವರೇ. ನನಗಿಂತ ದೊಡ್ಡವರು. ಮಾತು ಒರಟು. ಹುಡುಗರು ಕೈ ತೊಳೆಯದೆ ಹಿಟ್ಟು ಮುಟ್ಟಿದರೆ ಸಟ್ಟುಗದಲ್ಲೇ ಕೊಡುತ್ತಾರೆ. ಗಿರಾಕಿಗಳ ಮುಂದೆ ಅವರನ್ನು ಕಳಿಸದೇ ಇರುವುದು ನಮ್ಮ ಅಂಗಡಿಯ ಹಳೇ ನಿಯಮ.

ನನ್ನನ್ನು ಅಡ್ಮಿಟ್ ಮಾಡಿದ್ದು ಎರಡು ವರ್ಷದ ಹಿಂದಿನ ಆಷಾಢದಲ್ಲಿ. ಹೆಂಗಸರ ವಾರ್ಡು, ರಾತ್ರಿ ಗಂಡಸರು ಇರುವ ಹಾಗಿಲ್ಲ. ನಮ್ಮ ಮನೆಯವರು ಮೆಟ್ಟಿಲ ಕೆಳಗೆ ಪೇಪರ್ ಹಾಸಿಕೊಂಡು ಮಲಗುತ್ತಿದ್ದರು. ಮಗಳಿಗೆ ಪರೀಕ್ಷೆ. ಅತ್ತೆಗೆ ಎಂಬತ್ತು ದಾಟಿದೆ. ಅಕ್ಕತಂಗಿಯರು ಬಂದರು, ಅತ್ತರು, ಸಂಜೆ ಬಸ್ಸಿಗೆ ಹೋದರು. ಅವರವರ ಮನೆ ಅವರಿಗೆ ಇದೆ, ತಪ್ಪು ಅನ್ನಲ್ಲ. ಆ ದಿನ ಸಂಜೆ ಅಂಗಡಿ ಮುಚ್ಚಿ ಬೀಗದ ಕೈ ಕೊಡೋಕೆ ಅಂತ ಬಂದ ಅಕ್ಕ, ಮಂಚದ ಪಕ್ಕದ ಸ್ಟೂಲ್ ಎಳೆದುಕೊಂಡು ಕೂತರು. "ರಾತ್ರಿ ಯಾರಿರ್ತಾರೆ?" ಅಂದರು. ಯಾರೂ ಉತ್ತರ ಕೊಡಲಿಲ್ಲ. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಆಯ್ತು, ಅಷ್ಟೇ.

ಮಾರನೇ ದಿನ ಆಷಾಢ ಶುಕ್ರವಾರ. ಮೈಸೂರಿನವರಿಗೆ ಹೇಳಬೇಕಾಗಿಲ್ಲ. ಅಕ್ಕ ಪ್ರತಿ ವರ್ಷ ಬೆಳಗಿನ ಜಾವ ಬೆಟ್ಟದ ಪಾದಕ್ಕೆ ಹೋಗಿ, ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಹತ್ತುವವರು. ಅರಿಶಿನದ ಡಬ್ಬಿ ಅವರ ಚೀಲದಲ್ಲೇ ಇತ್ತು. "ಮುಂದಿನ ವಾರವೂ ಮೆಟ್ಟಿಲು ಅಲ್ಲೇ ಇರುತ್ತೆ" ಅಂದರು.

ಆ ರಾತ್ರಿ ಜ್ವರ ಏರಿತು. ಬೆನ್ನಿನ ಬೊಬ್ಬೆಗಳೆಲ್ಲ ಒಡೆದು, ಒಣಗಿ, ಹಾಸಿಗೆಯ ಬಟ್ಟೆ ಮೈಗೆ ಅಂಟಿಬಿಟ್ಟಿತ್ತು. ನಾನು ಮಗ್ಗುಲಾಗಲು ಹೋದೆ. ಬಟ್ಟೆ ಬರಲಿಲ್ಲ, ಚರ್ಮ ಬಂತು. ಕೂಗೋಣ ಅಂದರೆ ಬಾಯಿ ತೆರೆಯುವ ಹಾಗಿಲ್ಲ. ಇಡೀ ವಾರ್ಡಿಗೆ ರಾತ್ರಿ ಇದ್ದದ್ದು ಒಬ್ಬರೇ ಸಿಸ್ಟರ್. ಅವರು ಓಡಿ ಬಂದರು, ನೋಡಿದರು, ಸಲೈನ್ ಬಾಟಲಿ ಮತ್ತು ಹತ್ತಿ ಕೊಟ್ಟು, ಹೇಗೆ ಬಿಡಿಸಬೇಕು ಅಂತ ತೋರಿಸಿ, ಇನ್ನೊಂದು ಮಂಚಕ್ಕೆ ಹೋಗಲೇಬೇಕಾಯಿತು.

ಅಕ್ಕ ಕೈ ತೊಳೆದು ಗ್ಲೌಸ್ ಹಾಕಿಕೊಂಡು ಕೂತರು. ಸಲೈನ್ ಹನಿ ಹನಿಯಾಗಿ ಬಿಡುವುದು, ನೆನೆಯಲು ಬಿಡುವುದು, ಬೆರಳಗಲ ಬಟ್ಟೆ ಎತ್ತುವುದು. ನಾನು ಬಿಗಿಯಾದರೆ ನಿಲ್ಲಿಸುವುದು. ಸಮಾಧಾನದ ಮಾತು ಒಂದೂ ಇಲ್ಲ.

"ಅಷ್ಟಮಿ ಆರ್ಡರ್ ಬರೋಕೆ ಶುರುವಾಗಿದೆ. ಚಕ್ಕುಲಿಗೆ ಅಕ್ಕಿ ಎಷ್ಟು, ಉದ್ದು ಎಷ್ಟು?"

ಅವರಿಗೆ ಗೊತ್ತು. ನನಗಿಂತ ಚೆನ್ನಾಗಿ ಗೊತ್ತು. ನಾನು ನಾಲ್ಕು ಬೆರಳು ತೋರಿಸಿ, ಆಮೇಲೆ ಒಂದು ತೋರಿಸಿದೆ.

"ಉದ್ದು ಹುರಿಯೋದು ಬೇಡ, ಹಸೀದೇ ಬೀಸಿದರೆ ಆಯ್ತಲ್ವಾ?"

ನಾನು ತಲೆ ಅಲ್ಲಾಡಿಸಿದೆ. ಹುರಿಯದೆ ಮಾಡ್ತಾರಾ ಯಾರಾದರೂ?

"ಬೆಣ್ಣೆ ಜಾಸ್ತಿ ಹಾಕಿಬಿಡ್ತೀನಿ. ಸೇರಿಗೆ ಅರ್ಧ ಕೆಜಿ."

ಅಷ್ಟು ಬೆಣ್ಣೆ ಬಿದ್ದರೆ ಎಣ್ಣೆಯಲ್ಲೇ ಚಕ್ಕುಲಿ ಪುಡಿಪುಡಿ. ನನಗೆ ಕೋಪ ಬಂತು. ಬಾಯಿ ತೆರೆಯೋಕೆ ಆಗದಿದ್ದರೂ ಮೂಗಲ್ಲೇ "ಹುಂಹುಂ" ಅಂದೆ. ನಾನು ಹಾಗೆ ಸಿಟ್ಟಾದಾಗ ಇನ್ನೊಂದು ಬೆರಳಗಲ ಬಟ್ಟೆ ಬಿಟ್ಟಿತು. ಹೀಗೇ ಕೊಡುಬಳೆಗೆ ಬಂದರು, ಬ್ಯಾಡಗಿ ಮೆಣಸಿನಕಾಯಿ ಬದಲು ಅಂಗಡಿ ಖಾರದಪುಡಿ ಹಾಕ್ತೀನಿ ಅಂದರು. ನಿಪ್ಪಟ್ಟಿಗೆ ಕಡಲೆಬೀಜ ದುಬಾರಿ, ಬಿಟ್ಟುಬಿಡೋಣ ಅಂದರು. ಬೇಕಂತಲೇ ತಪ್ಪು ಹೇಳುತ್ತಿದ್ದಾರೆ ಅಂತ ನನಗೆ ಗೊತ್ತಾಗಿದ್ದು ಬೆಳಕು ಹರಿಯುವ ಹೊತ್ತಿಗೆ. ಅಷ್ಟರಲ್ಲಿ ಇಡೀ ಬಟ್ಟೆ ಕೆಳಗೆ ಬಿದ್ದಿತ್ತು.

ನಡುವೆ ಒಂದು ಸಲ ನಾನು ಅವರ ಕೈ ಹಿಡಿದು, ಹೇಗೋ ನಾಲ್ಕು ಮಾತು ಹೊರಡಿಸಿದೆ. ಮನೆಗೆ ಕರ್ಕೊಂಡು ಹೋಗಿ, ಸತ್ತರೆ ಅಲ್ಲೇ ಸಾಯ್ತೀನಿ ಅಂದೆ. ಇದನ್ನು ಮನೆಯವರಿಗೆ ಇವತ್ತಿನವರೆಗೂ ಹೇಳಿಲ್ಲ, ಇದನ್ನು ಓದಿಯೇ ಗೊತ್ತಾಗಲಿ. ಅಕ್ಕ ಕೈ ಬಿಡಿಸಿಕೊಳ್ಳಲಿಲ್ಲ. "ಈ ಹೊತ್ತಲ್ಲಿ ಆಟೋ ಸಿಗಲ್ಲ ಅಮ್ಮಾ" ಅಂದರು. ನನಗೆ ಅಳು ಬಂತು. ಕಣ್ಣೀರು ಕೆನ್ನೆಯ ಗಾಯಕ್ಕೆ ತಾಗಿದರೆ ಉರಿಯುತ್ತೆ, ಹಾಗಾಗಿ ಅವರೇ ಹತ್ತಿಯಲ್ಲಿ ಕಣ್ಣಿನ ತುದಿಯಲ್ಲೇ ಒತ್ತಿ ತೆಗೆದರು.

ಬೆಳಗ್ಗೆ ಸಿಸ್ಟರ್ ಬಾಳೆಲೆ ತರೋಕೆ ಆಗುತ್ತಾ ಅಂತ ಕೇಳಿದರು. ಎಳೇ ಬಾಳೆಲೆ ನುಣುಪು, ತಂಪು, ಹಸಿ ಗಾಯಕ್ಕೆ ಅಂಟುವುದಿಲ್ಲ. ಸುಟ್ಟ ಗಾಯದವರಿಗೂ, ಬೊಬ್ಬೆ ರೋಗದವರಿಗೂ ನಮ್ಮ ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ಹಾಸುತ್ತಾರಂತೆ. ಅಕ್ಕ ಕಣ್ಣು ಮುಚ್ಚದೆ ಇದ್ದವರು, ಹಾಗೇ ದೇವರಾಜ ಮಾರ್ಕೆಟ್ಟಿಗೆ ಹೋಗಿ ಎಳೇ ಎಲೆಗಳನ್ನೇ ಆರಿಸಿ ತಂದರು. ಎಲೆ ಮಾರುವವ ಮನೆಯಲ್ಲಿ ಏನು ವಿಶೇಷ ಅಂತ ಕೇಳಿದನಂತೆ. ದಿನಾ ಕೇಳುತ್ತಿದ್ದನಂತೆ, ಇವರು ದಿನಾ ಒಂದೊಂದು ಹೇಳುತ್ತಿದ್ದರಂತೆ. ಒಂದು ದಿನ ನಾಮಕರಣ, ಒಂದು ದಿನ ಗೃಹಪ್ರವೇಶ. ಆಸ್ಪತ್ರೆಯವರು ಎಲೆಗಳನ್ನು ತೊಳೆದು, ಆವಿಯಲ್ಲಿ ಶುದ್ಧ ಮಾಡಿ ಹಾಸುತ್ತಿದ್ದರು. ಮೊದಲ ದಿನ ಅದರ ಮೇಲೆ ಬೆನ್ನು ಇಟ್ಟಾಗ ಬಂದ ನಿದ್ದೆಯಂಥ ನಿದ್ದೆ ನನಗೆ ಮತ್ತೆ ಬಂದಿಲ್ಲ.

ಆಮೇಲೆ ರಾತ್ರಿಗಳೆಲ್ಲ ಅಕ್ಕನದ್ದೇ. ಸ್ಟಿರಾಯ್ಡ್ ಶುರುವಾದ ಮೇಲೆ ಹಸಿವು ಅಂದರೆ ಹಸಿವು. ಕಲ್ಲು ಕೊಟ್ಟರೂ ತಿನ್ನುವಷ್ಟು ಹಸಿವು, ಆದರೆ ಬಾಯಿಗೆ ಅನ್ನದ ಅಗುಳೂ ತಾಗುವ ಹಾಗಿಲ್ಲ. ರಾಗಿ ಅಂಬಲಿಯನ್ನು ಬಟ್ಟೆಯಲ್ಲಿ ಸೋಸಿ, ಆರಿಸಿ, ಉಪ್ಪಿಲ್ಲದೆ ತರುತ್ತಿದ್ದರು. ಊಟಕ್ಕೆ ಮೊದಲು ಮರಗಟ್ಟಿಸುವ ಜೆಲ್ಲು, ಊಟ ಆದಮೇಲೆ ಮಾತ್ರೆ ಕರಗಿಸಿದ ನೀರಿನಲ್ಲಿ ಬಾಯಿ ಮುಕ್ಕಳಿಸುವುದು. ಮುಕ್ಕಳಿಸದೆ ಮೋಸ ಮಾಡಿದರೆ ಬೈಗುಳ. ಸಕ್ಕರೆ ಏರಿದ ಮೇಲೆ ಬೆಲ್ಲದ ಡಬ್ಬಿಯೇ ಮಾಯ. ನನ್ನ ಮೈಯಿಂದ ಬರುತ್ತಿದ್ದ ವಾಸನೆ ನನಗೇ ತಡೆಯಲು ಆಗುತ್ತಿರಲಿಲ್ಲ. ನೋಡಲು ಬಂದ ಎಷ್ಟೋ ಜನ ಬಾಗಿಲಲ್ಲೇ ನಿಂತು, ಸೆರಗು ಮೂಗಿಗೆ ಹಿಡಿದು ಮಾತಾಡಿ ಹೋದರು. ಅಕ್ಕ ಅದೇ ಸ್ಟೂಲ್ ಮೇಲೆ, ನನ್ನ ಮಂಚದ ಪಕ್ಕದಲ್ಲೇ, ಟಿಫನ್ ಕ್ಯಾರಿಯರ್ ಬಿಚ್ಚಿ ಊಟ ಮಾಡುತ್ತಿದ್ದರು. ಚಟ್ನಿ ಸಪ್ಪೆ ಅಂತ ಗೊಣಗುತ್ತಿದ್ದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ನೆಂಟರಲ್ಲೇ ಒಬ್ಬರು, "ಅವಳಿಗೆ ಸಂಬಳ ಕೊಡ್ತೀಯಲ್ಲ, ಮಾಡದೆ ಇನ್ನೇನು" ಅಂದರು. ಹೌದು, ಸಂಬಳ ಕೊಡುತ್ತೇನೆ. ಚಕ್ಕುಲಿ ಒತ್ತಲು. ಮನೆಗೆ ಬಂದ ಮೇಲೆ ರಾತ್ರಿಗಳ ಲೆಕ್ಕ ಹಾಕಿ ಅಕ್ಕನಿಗೆ ಒಂದು ಕವರ್ ಕೊಟ್ಟೆ. ಕೊಡುವಾಗ ನನಗೇ ಸಂಕೋಚ. ತಗೊಳ್ಳುತ್ತಾರೋ, ಬೇಜಾರು ಮಾಡಿಕೊಳ್ಳುತ್ತಾರೋ ಅಂತ. ಅಕ್ಕ ಕವರ್ ಒಡೆದರು, ನನ್ನ ಎದುರೇ ಎಂಜಲು ಹಚ್ಚಿ ನೋಟು ಎಣಿಸಿದರು. "ಇದರಲ್ಲಿ ಆಟೋ ಖರ್ಚು ಸೇರಿಲ್ಲ. ಬಾಳೆಲೆದೂ ಸೇರಿಲ್ಲ" ಅಂದರು. ನಾನು ನಗಲು ಹೋಗಿ ತುಟಿ ಒಡೆಯಿತು. ಅದನ್ನೂ ಕೊಟ್ಟೆ. ಮೊಮ್ಮಗನ ಸ್ಕೂಲ್ ಫೀಸ್ ಕಟ್ಟಿದರು.

ದುಡ್ಡು ತಗೊಂಡರು ಅಂತ ಅವರು ಮಾಡಿದ್ದು ಒಂದು ಗುಲಗಂಜಿಯಷ್ಟೂ ಕಮ್ಮಿ ಆಗಲ್ಲ. ದುಡ್ಡು ಬೇಡ ಅಂದಿದ್ದರೆ ನಾವೆಲ್ಲ ಅವರನ್ನು ದೇವತೆ ಮಾಡಿ, ಫೋಟೋಗೆ ಹಾರ ಹಾಕಿ, ಮುಂದಿನ ತಿಂಗಳು ಫೀಸಿಗೆ ಸಾಲ ಕೇಳಿ ಬಂದಾಗ ಮುಖ ಸಿಂಡರಿಸುತ್ತಿದ್ದೆವು. ನಮ್ಮ ಜನ ಗೊತ್ತಲ್ಲ. ಕೂಲಿಗೆ ಮಾಡಿದ್ದು ಬೇರೆ, ಪ್ರೀತಿಗೆ ಮಾಡಿದ್ದು ಬೇರೆ ಅಂತ ಗೆರೆ ಎಳೆಯುವವರು ಇನ್ನೊಬ್ಬರ ಬೆನ್ನಿನಿಂದ ಒಂದು ರಾತ್ರಿ ಬಟ್ಟೆ ಬಿಡಿಸಿ ನೋಡಲಿ.

ಅದೇ ವಾರ್ಡಿನಲ್ಲಿ ಎದುರು ಮಂಚದಲ್ಲಿದ್ದ ಕೊಳ್ಳೇಗಾಲದ ಕಡೆಯ ಅಜ್ಜಿಗೂ ನಾನು ಋಣಿ. ಅವರಿಗೂ ಇದೇ ರೋಗ. 28 ದಿನಕ್ಕೊಮ್ಮೆ ಬಂದು ಮೂರು ದಿನ ಡ್ರಿಪ್ ಹಾಕಿಸಿಕೊಂಡು ಹೋಗುತ್ತಿದ್ದರು. ತೋಳಿನ ಕಪ್ಪು ಕಲೆಗಳನ್ನು ತೋರಿಸಿ, "ನೋಡವ್ವ, ನಿನ್ನಂಗೇ ಇತ್ತು, ಈಗ ನಾನು ಹೊಲಕ್ಕೆ ಹೋಯ್ತೀನಿ" ಅನ್ನುತ್ತಿದ್ದರು. ಆ ಮೂರು ದಿನದ ಪಲ್ಸ್ ಪದ್ಧತಿಯನ್ನು 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲಿ ಡಾ. ಜೆ. ಎಸ್. ಪಸ್ರೀಚಾ ಶುರುಮಾಡಿದರು ಅಂತ ಆಮೇಲೆ ತಿಳಿದುಕೊಂಡೆ. 1950ರ ಸುಮಾರಿಗೆ ಸ್ಟಿರಾಯ್ಡ್ ಬರುವವರೆಗೆ ಈ ರೋಗ ಬಂದವರಲ್ಲಿ ಹೆಚ್ಚಿನವರು ಕೆಲವೇ ವರ್ಷಗಳಲ್ಲಿ ತೀರಿಕೊಳ್ಳುತ್ತಿದ್ದರಂತೆ. ರಕ್ತದಲ್ಲೇ ಇದರ ಮೂಲ ಇದೆ ಅಂತ 1964ರಲ್ಲಿ ಅಮೆರಿಕದಲ್ಲಿ ಬ್ಯೂಟ್ನರ್ ಮತ್ತು ಜೋರ್ಡನ್ ತೋರಿಸಿಕೊಟ್ಟರು. ನನ್ನ ಫೋಟೋದ ಆ ಹಸಿರು ಗೆರೆ ಅವರ ದಾರಿಯಿಂದಲೇ ಬಂದಿದ್ದು. ನನಗೆ ಕೊನೆಗೆ ಕೈ ಹಿಡಿದಿದ್ದು ರಿಟುಕ್ಸಿಮ್ಯಾಬ್ ಡ್ರಿಪ್. ಮೊದಲು ಅದು ರಕ್ತದ ಕ್ಯಾನ್ಸರಿಗೆ ಇದ್ದ ಔಷಧಿ. 2018ರಲ್ಲಿ ಅಮೆರಿಕದವರು ಈ ರೋಗಕ್ಕೂ ಒಪ್ಪಿಗೆ ಕೊಟ್ಟರು. ನಮ್ಮ ದೇಶದಲ್ಲೇ 2007ರಿಂದ ತಯಾರಾಗುತ್ತಿದೆ, ಇಲ್ಲದಿದ್ದರೆ ನಮ್ಮಂಥವರಿಗೆ ಎಟುಕುತ್ತಿತ್ತಾ? ಇವರು ಯಾರೂ ಇದನ್ನು ಓದಲ್ಲ. ಆದರೂ ಬರೆದಿದ್ದೇನೆ.

ಡ್ರಿಪ್ ಹಾಕಿದ ದಿನ ಚಳಿ ನಡುಕ ಬಂದಾಗ ವೇಗ ಕಡಿಮೆ ಮಾಡಿ ಪಕ್ಕದಲ್ಲೇ ನಿಂತ ಹೌಸ್ ಸರ್ಜನ್ ಹುಡುಗನಿಗೆ, ರಾತ್ರಿ ಪಾಳಿಯ ಸಿಸ್ಟರುಗಳಿಗೆ, ಮೆಟ್ಟಿಲ ಕೆಳಗೆ ಮಲಗಿದ ನಮ್ಮ ಮನೆಯವರಿಗೆ, ಮೂರು ಹೊತ್ತು ಫೋನ್ ಮಾಡಿದ ಮಗಳಿಗೆ, ಕ್ಯಾಷ್ ನೋಡಿಕೊಂಡ ತಮ್ಮನಿಗೆ, ಸಾಲದ ವಿಷಯ ಎತ್ತದ ದಿನಸಿ ಅಂಗಡಿಯವರಿಗೆ, ಅಗ್ರಹಾರದ ಎಲ್ಲಾ ಗಿರಾಕಿಗಳಿಗೆ ನಮಸ್ಕಾರ. ಕತ್ತಿನಲ್ಲಿ ಗಾಯ ಆದಾಗ ಅತ್ತೆಯೇ ತಮ್ಮ ಕೈಯಾರೆ ನನ್ನ ತಾಳಿ ಸರ ತೆಗೆದು ದೇವರ ಮುಂದಿಟ್ಟರು. "ಮೊದಲು ಚರ್ಮ ಬರಲಿ" ಅಂದರು. ಅತ್ತೆಯ ಬಾಯಲ್ಲಿ ಆ ಮಾತು ಬರುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ.

ಬೇಜಾರು ಮಾಡಿಕೊಳ್ಳಬೇಡಿ, ಒಬ್ಬೊಬ್ಬರಿಗೂ ಒಂದೊಂದು ಪುಟ ಬರೆಯಬೇಕಿತ್ತು. ಅಕ್ಕನದ್ದೇ ಜಾಸ್ತಿ ಆಯಿತು. ಆಗಬೇಕಾದ್ದೇ.

ಈಗಲೂ ಕನ್ನಡಿ ಮುಂದೆ ದಿನಾ ಟಾರ್ಚ್ ಹಿಡಿದು ಕೆನ್ನೆ ಒಳಗೆ ನೋಡಿಕೊಳ್ಳುತ್ತೇನೆ. ಒಂದು ಸಣ್ಣ ಉರಿ ಆದರೂ ಎದೆ ಧಸಕ್ ಅನ್ನುತ್ತೆ. ಎಷ್ಟೋ ಸಲ ಅದು ಬಿಸಿ ಕಾಫಿ ಅಷ್ಟೇ ಆಗಿರುತ್ತೆ. ಗಾಯದ ಗುರುತು ಗುಂಡಿ ಬಿದ್ದು ಉಳಿದಿಲ್ಲ, ಬರೀ ಕಪ್ಪು ಕಲೆ. ಅದೂ ಮಾಸುತ್ತಿದೆ. ಊದಿದ ಮುಖ ಇಳಿದಿದೆ, ಸಕ್ಕರೆ ಹತೋಟಿಗೆ ಬಂದಿದೆ. ವಾರಗಟ್ಟಲೆ ಮಾಯದ ಬಾಯಿ ಹುಣ್ಣು ಅಂತ ಅಂಗಡಿಯಲ್ಲಿ ಯಾರೇ ಹೇಳಿದರೂ ನಾನು ಗಸಗಸೆ ಪಾಯಸದ ಮಾತು ಎತ್ತಲ್ಲ. ಬಾಯಿ ತೆರೆಸಿ ನೋಡಿ, ಚರ್ಮದ ಡಾಕ್ಟರ ಹತ್ತಿರ ಓಡಿಸುತ್ತೇನೆ. ಇಬ್ಬರು ಗಿರಾಕಿಗಳು ಇದಕ್ಕೇ ಮುನಿಸಿಕೊಂಡಿದ್ದಾರೆ.

ಅಷ್ಟಮಿಗೆ ಈ ಸಲ ಆರ್ಡರ್ ತಗೊಳ್ಳುತ್ತಿದ್ದೇವೆ. ಚಕ್ಕುಲಿ, ಕೊಡುಬಳೆ, ತೇಂಗೊಳಲು, ಇಷ್ಟೇ. ಹಬ್ಬಕ್ಕೆ ನಾಲ್ಕು ದಿನ ಮೊದಲು ಬುಕ್ಕಿಂಗ್ ನಿಲ್ಲಿಸುತ್ತೇವೆ, ಆಮೇಲೆ ಎಷ್ಟು ಪರಿಚಯ ಹೇಳಿದರೂ ಆಗಲ್ಲ. ಮೊದಲ ಒಬ್ಬೆಯ ಖಾರ ನಾನೇ ನೋಡುತ್ತೇನೆ, ಈಗ ಬಾಯಿ ತಡೆಯುತ್ತೆ. ಆರ್ಡರ್ ಫೋನು ಮಾತ್ರ ಅಕ್ಕನ ಹತ್ತಿರ ಇರುತ್ತೆ. ಹಳೇ ನಿಯಮ ತೆಗೆದುಹಾಕಿದ್ದೇವೆ, ಗಿರಾಕಿಗಳ ಜೊತೆ ಈಗ ಅವರೇ ಮಾತಾಡುವುದು. ಚೌಕಾಸಿ ಮಾಡುವವರು ನೋಡಿಕೊಂಡು ಮಾಡಿ.